20 ಬೈಟಿನ ಬ್ಯಾಕಪ್

ದಿನಾ ರಾತ್ರಿ ಎರಡು ಗಂಟೆಗೆ ಕ್ರಾನ್‌ನಲ್ಲಿ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಂನಲ್ಲಿ, ಓಡುವ ಒಂದು ಬ್ಯಾಕಪ್ ಸ್ಕ್ರಿಪ್ಟ್ ಇತ್ತು; ಕಮಾಂಡ್‌ಗಳನ್ನು ಓಡಿಸುವ ಬ್ಯಾಷ್‌ನಲ್ಲಿ ಬರೆದದ್ದು, ಬರೆದವನು ನಾನೇ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ತೆಗೆದು, ಪೈಪ್ ಹಾಕಿ, ಅಂದರೆ ಒಂದು ಕಮಾಂಡಿನ ಔಟ್‌ಪುಟ್ ನೇರ ಇನ್ನೊಂದಕ್ಕೆ ಹರಿಸಿ, ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟು, ಆ ದಿನದ ತಾರೀಖಿನ ಹೆಸರಲ್ಲಿ ಫೈಲ್ ಇಡುವುದು, ಆಮೇಲೆ ಹಳೇ ಫೈಲ್ ಅಳಿಸುವುದು. ಒಂದು ದಿನ ಹಳೇ ಡೇಟಾ ಬೇಕಾಯಿತು. ಫೋಲ್ಡರ್ ತೆರೆದರೆ ಸಾಲಾಗಿ ಎಲ್ಲಾ ಫೈಲೂ 20 ಬೈಟ್!

ಏನೂ ಇಲ್ಲದ್ದನ್ನು ಪೈಪ್‌ನಲ್ಲಿ ಜಿಜಿಪ್‌ಗೆ ಕೊಟ್ಟರೆ ಬರುವುದು ಸರಿಯಾಗಿ 20 ಬೈಟ್. ಡೇಟಾಬೇಸ್ ಪಾಸ್‌ವರ್ಡ್ ಬದಲಾಗಿತ್ತು, ಡಂಪ್ ಕೈಕೊಟ್ಟಿತ್ತು, ಆದರೆ ಬ್ಯಾಷ್ ನೋಡುವುದು ಪೈಪ್‌ಲೈನಿನ ಕೊನೆಯ ಕಮಾಂಡ್ ಏನು ಹೇಳಿತು ಅಂತ ಮಾತ್ರ. ಜಿಜಿಪ್ ಪಾಪ, ತನ್ನ ಕೆಲಸ ಮುಗಿಸಿ ಸೊನ್ನೆ ಹೇಳಿತ್ತು. ಕಮಾಂಡ್ ಮುಗಿದಾಗ ಸೊನ್ನೆ ಹೇಳಿದರೆ ಪಾಸ್, ಬೇರೆ ಯಾವ ಸಂಖ್ಯೆಯಾದರೂ ಫೇಲ್. ಎರರ್ ಮೆಸೇಜನ್ನು ಡೆವ್ ನಲ್‌ಗೆ, ಅಂದರೆ ಬಿದ್ದದ್ದೆಲ್ಲ ಮಾಯವಾಗುವ ಕಸದ ಬುಟ್ಟಿಗೆ, ತಳ್ಳಿದ್ದವನೂ ನಾನೇ, ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಅವತ್ತೇ ಸ್ಕ್ರಿಪ್ಟಿನ ತಲೆಯಲ್ಲಿ ಬ್ಯಾಷ್‌ನ ಸೆಟ್ಟಿಂಗ್ ಬದಲಿಸುವ ಸೆಟ್ ಕಮಾಂಡಿನಿಂದ ಮೈನಸ್ ಇ, ಮೈನಸ್ ಯು, ಪೈಪ್‌ಫೇಲ್ ಮೂರನ್ನೂ ಹಾಕಿದೆ. ಇ ಅಂದರೆ ಕಮಾಂಡ್ ಫೇಲ್ ಆದರೆ ನಿಲ್ಲು, ಯು ಅಂದರೆ ಇಲ್ಲದ ವೇರಿಯಬಲ್ ಬಳಸಿದರೆ ನಿಲ್ಲು, ಪೈಪ್‌ಫೇಲ್ ಅಂದರೆ ಪೈಪಿನಲ್ಲಿ ಯಾರು ಬಿದ್ದರೂ ಬಿದ್ದಂತೆಯೇ ಲೆಕ್ಕ. ಮಾರನೇ ರಾತ್ರಿ ಸ್ಕ್ರಿಪ್ಟ್ ಮೊದಲ ಡೇಟಾಬೇಸ್ ಮುಗಿಸಿ ಸುಮ್ನೆ ನಿಂತುಬಿಟ್ಟಿತು. ಕಾರಣ ಎಣಿಕೆಯ ಸಾಲು. ಜೋಡಿ ಆವರಣದೊಳಗೆ ಕೌಂಟ್ ಪ್ಲಸ್ ಪ್ಲಸ್ ಬರೆದಿದ್ದೆ, ಅಂದರೆ ಕೌಂಟ್‌ಗೆ ಒಂದು ಸೇರಿಸು, ಆದರೆ ಲೆಕ್ಕದ ಬೆಲೆಯಾಗಿ ಹಳೇ ಸಂಖ್ಯೆಯನ್ನೇ ಕೊಡು. ಕೌಂಟ್ ಸೊನ್ನೆ ಇದ್ದಾಗ ಆ ಲೆಕ್ಕದ ಬೆಲೆ ಸೊನ್ನೆ, ಜೋಡಿ ಆವರಣದ ಲೆಕ್ಕದಲ್ಲಿ ಮಾತ್ರ ಉಲ್ಟಾ, ಬೆಲೆ ಸೊನ್ನೆ ಬಂದರೆ ಬ್ಯಾಷ್ ಅದನ್ನು ಫೇಲ್ ಅಂತ ತಿಳಿಯುತ್ತದೆ. ಹುಡುಕಿದ್ದು ಸಿಗದಿದ್ದರೆ, ಪಠ್ಯ ಹುಡುಕುವ ಗ್ರೆಪ್ ಕಮಾಂಡ್ ಕೂಡ 1 ಹೇಳುತ್ತದೆ, ಅದಕ್ಕೂ ಇದೇ ಗತಿ.

ಇವೆಲ್ಲ ಪರವಾಗಿಲ್ಲ, ನಿಂತರೆ ಕಣ್ಣಿಗಾದರೂ ಬೀಳುತ್ತದೆ. ನಿಜವಾಗಿ ಹೆದರಿಸಿದ್ದು ಇನ್ನೊಂದು. ಬ್ಯಾಕಪ್ ಕೆಲಸವನ್ನೆಲ್ಲ ಒಂದು ಫಂಕ್ಷನ್‌ಗೆ (ಹೆಸರಿಟ್ಟ ಕಮಾಂಡ್ ಗುಂಪು) ಹಾಕಿ, ಅದನ್ನು ಇಫ್ ಷರತ್ತಿನ ಒಳಗೆ ಕರೆದು, ಫೇಲ್ ಆದರೆ ಮೇಲ್ ಕಳಿಸು ಅಂತ ಬರೆದೆ. ನೋಡಲು ಚೆನ್ನಾಗಿತ್ತು, ಅಲ್ವಾ? ಆದರೆ ಇಫ್ ಒಳಗೆ ಕರೆದ ಫಂಕ್ಷನ್‌ನಲ್ಲಿ ಮೈನಸ್ ಇ ಕೆಲಸವನ್ನೇ ಮಾಡುವುದಿಲ್ಲ, ಇಡೀ ಫಂಕ್ಷನ್‌ಗೆ ಅದು ಆಫ್! ಟೆಸ್ಟ್ ಮಾಡಲು ಬೇಕಂತಲೇ ತಪ್ಪು ಪಾಸ್‌ವರ್ಡ್ ಕೊಟ್ಟೆ. ಡಂಪ್ ಬಿತ್ತು, ಸ್ಕ್ರಿಪ್ಟ್ ಆರಾಮಾಗಿ ಮುಂದೆ ಹೋಗಿ ಹಳೇ ಫೈಲುಗಳನ್ನು ಅಳಿಸಿತು, ಅಳಿಸಿದ್ದು ಸರಿಯಾಗಿದ್ದರಿಂದ ಒಟ್ಟಾರೆ ಪಾಸ್ ಅಂತ ಬರೆದುಕೊಂಡಿತು. ಪುಣ್ಯ, ಅದು ಟೆಸ್ಟ್ ಫೋಲ್ಡರ್. ಈಗ ಫಂಕ್ಷನ್ ಅದರ ಪಾಡಿಗೆ ಒಂದು ಸಾಲಿನಲ್ಲಿ ಇರುತ್ತದೆ, ಮೇಲ್ ಕಳಿಸುವುದು ಇಆರ್‌ಆರ್ ಟ್ರ್ಯಾಪ್‌ನ, ಅಂದರೆ ಕಮಾಂಡ್ ಫೇಲ್ ಆದಾಗ ತಾನಾಗಿ ಓಡುವ ಸಾಲಿನ, ಕೆಲಸ. ಆ ಟ್ರ್ಯಾಪ್ ಫಂಕ್ಷನ್ ಒಳಗೂ ಹತ್ತಬೇಕಾದರೆ ದೊಡ್ಡ ಇ ಕೂಡ ಸೆಟ್ ಮಾಡಬೇಕು.

ಡೀಬಗ್‌ಗೆ ಮೈನಸ್ ಎಕ್ಸ್ ಇದೆ, ಓಡುವ ಪ್ರತಿ ಸಾಲನ್ನೂ ಲಾಗ್‌ಗೆ ಬರೆಯುತ್ತದೆ. ಆ ಸಾಲುಗಳ ಮುಂದೆ ಏನು ಬರಬೇಕು ಅಂತ ಹೇಳುವ ಪಿಎಸ್4 ವೇರಿಯಬಲ್‌ನಲ್ಲಿ ಲೈನ್ ನಂಬರ್ ಸೇರಿಸಿಕೊಂಡರೆ ಓದುವುದು ಸಲೀಸು. ಆದರೆ ಪ್ರತಿ ಸಾಲು ಅಂದರೆ ಪಾಸ್‌ವರ್ಡ್ ಇಟ್ಟ ಸಾಲೂ ಸೇರಿ. ಲಾಗ್ ತೆರೆದರೆ ಅದೇ ಮೊದಲು ಕಂಡಿತು, ಮತ್ತೆ ಪಾಸ್‌ವರ್ಡ್ ಬದಲಿಸಬೇಕಾಯಿತು. ಈಗ ಡೀಬಗ್ ಅನ್ನುವ ವೇರಿಯಬಲ್ ಕೊಟ್ಟು ಓಡಿಸಿದರೆ ಮಾತ್ರ ಎಕ್ಸ್ ಆನ್. ಪಾಸ್‌ವರ್ಡ್ ಓದುವ ಫಂಕ್ಷನ್‌ನಲ್ಲಿ ಮೊದಲು ಲೋಕಲ್ ಮೈನಸ್, ಅಂದರೆ ಸೆಟ್ಟಿಂಗ್ ಬದಲಾವಣೆ ಈ ಫಂಕ್ಷನ್‌ಗಷ್ಟೇ, ಆಮೇಲೆ ಎಕ್ಸ್ ಆಫ್ ಮಾಡುವ ಸೆಟ್ ಪ್ಲಸ್ ಎಕ್ಸ್. ಫಂಕ್ಷನ್ ಮುಗಿದ ಕೂಡಲೇ ಹಳೇ ಸೆಟ್ಟಿಂಗ್ ತಾನೇ ವಾಪಸ್ ಬರುತ್ತದೆ. ಇದಕ್ಕೆ ಬ್ಯಾಷ್ 4.4 ಬೇಕು, ಮ್ಯಾಕ್ ಜೊತೆ ಬರುವ 3.2ರಲ್ಲಿ ನಡೆಯುವುದಿಲ್ಲ.