ಸೈಟ್ ಮಾರೋಕೆ ನಂಬಿಗಸ್ತ ಹುಡುಗರನ್ನ ಹುಡುಕೋ ಬಗೆ

ತುಮಕೂರಲ್ಲಿ ನಮ್ಮದು ಸೈಟ್ ಮಾರೋ ಸಣ್ಣ ಆಫೀಸು. ಮೊದಮೊದಲು ಕೆಲಸ ಕೇಳಿ ಬಂದವರನ್ನೆಲ್ಲ "ಪ್ರಾಮಾಣಿಕವಾಗಿ ಇರ್ತೀರಾ?" ಅಂತ ಕೇಳ್ತಿದ್ದೆ. ಯಾರು ತಾನೇ ಇಲ್ಲ ಅಂದಾರು?

ಈಗ ಕೈಗೊಂದು ಫೈಲು ಕೊಡ್ತೀನಿ. ಪಂಚಾಯ್ತಿ ವ್ಯಾಪ್ತಿಯ ಒಂದು 30x40 ಅಡಿ ಸೈಟಿನ ಹಳೇ ಜೆರಾಕ್ಸು. ಕ್ರಯಪತ್ರ, ಇಸಿ (ಋಣಭಾರ ಪತ್ರ), ಕಂದಾಯ ರಸೀದಿ ಎಲ್ಲ ಇರುತ್ತೆ. ಪಂಚಾಯ್ತಿ ಖಾತೆಯ ನಮೂನೆ 9 ಇರಬೇಕಾದ ಕಡೆ ಮಾತ್ರ ನಮೂನೆ 11ಬಿ. ಅಂದ್ರೆ ಲೇಔಟಿಗೆ ಅನುಮೋದನೆ ಇಲ್ಲ. ಅರ್ಧ ಗಂಟೆ ಓದೋಕೆ ಬಿಟ್ಟು, ಕಾಫಿ ತರಿಸಿ, "ನಾನೇ ಪಾರ್ಟಿ, ನನಗಿದನ್ನ ಮಾರಪ್ಪ" ಅಂತೀನಿ. 11ಬಿ ಕಣ್ಣಿಗೆ ಬೀಳದವನಿಗೆ ಕಲಿಸಬಹುದು. ಕಂಡೂ ಆ ಹಾಳೆಯನ್ನ ಮೆಲ್ಲಗೆ ಕೆಳಗೆ ಸರಿಸಿ "ಈಸ್ಟ್ ಫೇಸಿಂಗ್ ಮೇಡಂ, ಮೂರು ವರ್ಷಕ್ಕೆ ಡಬಲ್" ಅಂದವನಿಗೆ ಕಾಫಿ ಕುಡಿಸಿ ಕಳಿಸ್ತೀನಿ. ಹೋದ ಸಲ ಗುಬ್ಬಿ ಕಡೆ ಹುಡುಗಿಯೊಬ್ಬಳು "ಇದಕ್ಕೆ ಬ್ಯಾಂಕ್ ಲೋನ್ ಸಿಗೋದು ಕಷ್ಟ ಮೇಡಂ, ಬೇರೆ ತೋರಿಸ್ಲಾ?" ಅಂದ್ಲು. ಅವತ್ತೇ ತಗೊಂಡೆ.

ಹಳೇ ಯಜಮಾನನ ಮಾತಿಗಿಂತ, ಕೆಲಸ ಕೇಳಿ ಬಂದವರು ಮೊದಲು ಸೈಟ್ ಕೊಡಿಸಿದ ಇಬ್ಬರ ನಂಬರು ಮೇಲು. ಕೇಳೋದು ಒಂದೇ: ರಿಜಿಸ್ಟ್ರೇಷನ್ ಆದ್ಮೇಲೂ ಫೋನ್ ಎತ್ತುತ್ತಿದ್ರಾ?

ಸಂಬಳದ ವಿಷಯದಲ್ಲಿ ತಪ್ಪು ನನ್ನದೇ ಇತ್ತು. ಟೋಕನ್ ಅಡ್ವಾನ್ಸ್ ಬಂದ ದಿನವೇ ಕಮಿಷನ್ ಕೊಡ್ತಿದ್ದೆ. ಒಬ್ಬ ಹುಡುಗ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರೇ ಇಲ್ಲದ ಲೇಔಟಿಗೆ ನಂಬರ್ ಇದೆ ಅಂತ ಹೇಳಿ ರಿಟೈರ್ಡ್ ಮೇಷ್ಟ್ರೊಬ್ಬರ ಹತ್ರ 50,000 ನಗದು ಈಸ್ಕೊಂಡ. ಮೇಷ್ಟ್ರು ಬಂದು ರಸೀದಿಯನ್ನ ನಾಲ್ಕು ಮಡಿಕೆ ಬಿಚ್ಚಿ ಟೇಬಲ್ ಮೇಲಿಟ್ರು, ಬೈಲಿಲ್ಲ. ದುಡ್ಡು ವಾಪಸ್ ಕೊಟ್ಟೆ. ಆ ಹುಡುಗ ಕಲಿತಿದ್ದು ನಾನು ಕಲಿಸಿದ ಲೆಕ್ಕವನ್ನೇ.

ಈಗ ಮನೆ ನಡೆಯೋಷ್ಟು ಸಂಬಳ, ಕಮಿಷನ್ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯ ಆದ್ಮೇಲೆ. ಹುಡುಗರು ನಗದು ಮುಟ್ಟೋ ಹಾಗಿಲ್ಲ. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಕರಾರು ರಿಜಿಸ್ಟರ್ ಆಗೋ ಮುಂಚೆ ಡೆವಲಪರ್ ಬೆಲೆಯ 10 ಪರ್ಸೆಂಟಿಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ; ಇದನ್ನ ಸೇರಿದ ದಿನವೇ ಹೇಳ್ತೀನಿ. ಮೊದಲ ವಾರ ಸೈಟ್ ತೋರಿಸೋಕೆ ಕಳಿಸಲ್ಲ, ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ಹುಡುಕೋದೇ ಕೆಲಸ.

ಮೊದಲ ಮೂರು ತಿಂಗಳು ಏನೂ ಮಾರದಿದ್ರೂ ಸಂಬಳ ನಿಲ್ಲಿಸಬೇಡಿ. ಗುಬ್ಬಿ ಹುಡುಗಿ ಎರಡು ತಿಂಗಳು ಒಂದೂ ಮಾರಲಿಲ್ಲ. ನಮ್ಮೆಜಮಾನ್ರು ದಿನಾ ಊಟಕ್ಕೆ ಕೂತಾಗ ಅವಳ ಲೆಕ್ಕ ಕೇಳ್ತಿದ್ರು. ನಾನು ಸಾರು ಬಡಿಸ್ತಿದ್ದೆ.