ಸ್ವಂತ ಟ್ಯಾಂಕರ್‌ನ ಆಯಿಲ್ ಕಂಪನಿ ಲೋಡಿಗೆ ಅಟ್ಯಾಚ್ ಮಾಡೋರು, ಗಾಡಿ ಬುಕ್ ಮಾಡೋಕ್ ಮುಂಚೆ ಓದಿ

ತಿಂಗಳಿಗೆ ಒಬ್ರಾದ್ರೂ ಕೇಳ್ತಾರೆ, ಅಣ್ಣ ಒಂದು ಟ್ಯಾಂಕರ್ ತಗೊಂಡು ದೇವನಗೊಂದಿಲಿ (ಬೆಂಗಳೂರು ಹತ್ರ ಆಯಿಲ್ ಕಂಪನಿ ಟರ್ಮಿನಲ್, ಅಂದ್ರೆ ಎಣ್ಣೆ ತುಂಬಿಸೋ ಡಿಪೋ ಇರೋ ಜಾಗ) ಬಿಟ್ಬಿಡ್ಲಾ, ಪೆಟ್ರೋಲ್ ಡೀಸೆಲ್ ಯಾವತ್ತೂ ಓಡ್ತಾನೇ ಇರುತ್ತಲ್ಲ ಅಂತ. ಓಡುತ್ತೆ ಸರಿ, ಆದ್ರೆ ಜಲ್ಲಿ ಮರಳಿನ ಥರ ಗಾಡಿ ತಗೊಂಡೋಗಿ ಗೇಟ್ ಮುಂದೆ ನಿಲ್ಸಿದ್ರೆ ಇಲ್ಲಿ ಯಾರೂ ಲೋಡ್ ಹಾಕಲ್ಲ. ಐಒಸಿ, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಟೆಂಡರ್ ಕರೆದು ಟ್ರಾನ್ಸ್‌ಪೋರ್ಟರ್ ಜೊತೆ ಕಂಟ್ರಾಕ್ಟ್ ಮಾಡ್ಕೊಳ್ತವೆ, ಒಂದು ಗಾಡಿ ಇರೋ ನಮ್ಮಂಥೋರು ಆ ಟ್ರಾನ್ಸ್‌ಪೋರ್ಟರ್ ಕೆಳಗೆ ಅಟ್ಯಾಚ್ ಆಗ್ತೀವಿ. ಕಂಪನಿ ಲೆಕ್ಕದಲ್ಲಿ ಕಂಟ್ರಾಕ್ಟರ್ ಅಂದ್ರೆ ಅವ್ರೇ, ಬಿಲ್ ದುಡ್ಡೂ ಅವ್ರ ಅಕೌಂಟಿಗೇ ಬೀಳೋದು. ಅದಕ್ಕೇ ಮೊದ್ಲು ಟ್ರಾನ್ಸ್‌ಪೋರ್ಟರ್ ಹುಡುಕಿ, ಶೋರೂಮಿಗೆ ಆಮೇಲೆ ಹೋಗಿ. ಉಲ್ಟಾ ಮಾಡಿದೋರು ಗಾಡಿ ಶೆಡ್ಡಲ್ಲಿ ನಿಲ್ಸಿಕೊಂಡು ಈಎಂಐ ಕಟ್ಟಿರೋದನ್ನ ನೋಡಿದೀನಿ.

ಟ್ರಾನ್ಸ್‌ಪೋರ್ಟರ್ ಸಿಕ್ಕಿದ್ರು ಅಂತಿಟ್ಕೊಳ್ಳಿ, ಮೊದಲ್ನೇ ಪ್ರಶ್ನೆ ಕಂಟ್ರಾಕ್ಟ್ ಇನ್ನೆಷ್ಟು ದಿನ ಇದೆ ಅನ್ನೋದು. ಲೋನ್ ಐದು ವರ್ಷ, ಕಂಟ್ರಾಕ್ಟ್ ಉಳಿದಿರೋದು ಒಂದೂವರೆ ವರ್ಷ ಆದ್ರೆ ಆಮೇಲೆ ಏನ್ ಮಾಡ್ತೀರ? ಬಾಯಿಮಾತಿಗೆ ತಲೆ ಆಡಿಸ್ಬೇಡಿ, ಕಂಪನಿ ಕೊಟ್ಟಿರೋ ವರ್ಕ್ ಆರ್ಡರ್ ತೋರ್ಸಿ ಅಂತ ಕೇಳಿ. ಯಾವ ಟರ್ಮಿನಲ್, ಎಷ್ಟು ಕೆಎಲ್ (ಕಿಲೋಲೀಟರ್, ಅಂದ್ರೆ ಸಾವಿರ ಲೀಟರ್) ಗಾಡಿ ಬೇಕು ಅನ್ನೋದನ್ನೂ ಅವಾಗ್ಲೇ ಕೇಳ್ಕೊಳ್ಳಿ. ನಾಲ್ಕು ನಾಲ್ಕು ಸಾವಿರ ಲೀಟರಿನ ಮೂರು ಛೇಂಬರ್ (ಟ್ಯಾಂಕ್ ಒಳಗಿನ ಭಾಗ) ಇರೋ 12 ಕೆಎಲ್ ಗಾಡಿ ಬೇಕು ಅಂತ ಇರೋ ಕಡೆ ನೀವು 20 ಕೆಎಲ್ ಕಟ್ಟಿಸ್ಕೊಂಡು ಹೋದ್ರೆ ಅದು ಶೋಕಿಗೆ ಅಷ್ಟೆ.

ಎರಡನೇದು ಬಾಡಿಗೆ ಲೆಕ್ಕ. ಇಲ್ಲಿ ಟ್ರಿಪ್ಪಿಗಿಷ್ಟು ಅಂತಿಲ್ಲ, ಆರ್‌ಟಿಕೆಎಂ ಅಂತಾರೆ, ಹೋಗಿ ಬರೋ ಕಿಲೋಮೀಟರ್ ಮತ್ತೆ ತಗೊಂಡೋದ ಕಿಲೋಲೀಟರ್ ಮೇಲೆ ರೇಟು. ಬಂಕ್ 60 ಕಿಮೀ ದೂರ ಇದ್ರೆ 120 ಕಿಮೀಗೆ ಲೆಕ್ಕ. ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಮಂಗಳೂರಿಂದ ಹಾಸನ, ದೇವನಗೊಂದಿಗೆ ಎಣ್ಣೆ ಪೈಪ್‌ಲೈನಲ್ಲೇ ಬರುತ್ತೆ, ಹಂಗಾಗಿ ಬೆಂಗಳೂರು ಸುತ್ತಮುತ್ತ ಓಡೋರಿಗೆ ಜಾಸ್ತಿ ಸಿಗೋದು ಗಿಡ್ಡ ಟ್ರಿಪ್ಪೇ, ಸಿಟಿ ಟ್ರಾಫಿಕ್ಕಲ್ಲಿ ಡೀಸೆಲ್ ಸುಟ್ಟು, ಬಂಕಲ್ಲಿ ಅನ್‌ಲೋಡ್ ಮಾಡೋಕೆ ಕಾದು, ವಾಪಸ್ ಬಂದು ಸೀರಿಯಲ್ಲಲ್ಲಿ (ಲೋಡಿಂಗ್ ಕ್ಯೂನಲ್ಲಿ) ನಿಂತ್ರೆ ದಿನಕ್ಕೆ ಎರಡನೇ ಲೋಡ್ ಸಿಗುತ್ತೋ ಇಲ್ವೋ ಅನ್ನೋದೇ ನಿಮ್ಮ ಲಾಭ ನಷ್ಟ. ಆ ಟರ್ಮಿನಲ್‌ನಲ್ಲಿ ಓಡ್ತಿರೋ ಡ್ರೈವರ್ ಒಬ್ರಿಗೆ ಟೀ ಕುಡಿಸಿ, ಹೋದ ತಿಂಗಳು ಎಷ್ಟು ಲೋಡ್ ಆಯ್ತು, ಎಷ್ಟು ಕಿಮೀ ಓಡ್ತು ಅಂತ ಕೇಳಿ. ಆಫೀಸಲ್ಲಿ ಹೇಳೋ ಲೆಕ್ಕಕ್ಕಿಂತ ಅದು ವಾಸಿ.

ಇನ್ನು ಪೇಪರ್ಸ್. ಆರ್‌ಸಿ, ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್ ಎಲ್ಲಾ ಲಾರಿಗೂ ಇದ್ದಿದ್ದೇ. ಟ್ಯಾಂಕರಿಗೆ ಅದ್ರ ಮೇಲೆ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ಬೇಕು, ನಮ್ಮೋರು ಈಗ್ಲೂ ಎಕ್ಸ್‌ಪ್ಲೋಸಿವ್ ಲೈಸೆನ್ಸ್ ಅಂತಾನೇ ಕರಿಯೋದು. ಟ್ಯಾಂಕ್ ಕಟ್ಟೋದೇ ಅವ್ರು ಅಪ್ರೂವ್ ಮಾಡಿದ ಡ್ರಾಯಿಂಗ್ ಪ್ರಕಾರ, ಅದಕ್ಕೆ ಅಗ್ಗಕ್ಕೆ ಸಿಗುತ್ತೆ ಅಂತ ಗೊತ್ತಿಲ್ಲದ ವರ್ಕ್‌ಶಾಪಲ್ಲಿ ಟ್ಯಾಂಕ್ ಕಟ್ಟಿಸ್ಬೇಡಿ. ಆಮೇಲೆ ತೂಕ ಅಳತೆ ಇಲಾಖೆಯಿಂದ ಕ್ಯಾಲಿಬ್ರೇಷನ್, ಡಿಪ್ ರಾಡ್ (ಎಣ್ಣೆ ಎಷ್ಟಿದೆ ಅಂತ ಅಳೆಯೋ ಕೋಲು) ಸಮೇತ. ವಿಟಿಎಸ್ ಬಾಕ್ಸ್ (ಗಾಡಿ ಎಲ್ಲಿದೆ ಅಂತ ತೋರ್ಸೋ ಜಿಪಿಎಸ್), ಸೈಲೆನ್ಸರಿಗೆ ಕಿಡಿ ತಡೆಯೋ ಸ್ಪಾರ್ಕ್ ಅರೆಸ್ಟರ್, ಬೆಂಕಿ ಆರಿಸೋ ಸಿಲಿಂಡರ್, ಎಮರ್ಜೆನ್ಸಿ ಬೋರ್ಡ್ (ಯುಎನ್ ನಂಬರ್ ಪೆಟ್ರೋಲಿಗೆ 1203, ಡೀಸೆಲ್‌ಗೆ 1202), ಕ್ಯಾಬಿನ್ನಲ್ಲಿ ಟ್ರೆಮ್ ಕಾರ್ಡ್ (ಅಪಘಾತ ಆದ್ರೆ ಏನ್ ಮಾಡ್ಬೇಕು ಅಂತ ಬರೆದಿರೋದು). ಇದ್ರಲ್ಲಿ ಒಂದು ಇಲ್ಲ ಅಂದ್ರೂ ಗೇಟಲ್ಲೇ ವಾಪಸ್. ಓಡಿಸೋರು ನೀವೇ ಆದ್ರೆ ಮೂರು ದಿನದ ಹಜಾರ್ಡಸ್ ಟ್ರೈನಿಂಗ್ ಮುಗಿಸಿ ಡಿಎಲ್ ಮೇಲೆ ಎಂಟ್ರಿ ಹಾಕಿಸ್ಬೇಕು, ಅದ್ರ ವ್ಯಾಲಿಡಿಟಿ ಮೂರು ವರ್ಷ.

ಈಗ ಟ್ರಾನ್ಸ್‌ಪೋರ್ಟರ್ ಜೊತೆ ಮಾಡೋ ಕರಾರು ಪತ್ರ, ಎಲ್ರೂ ಓದ್ದೆ ಸೈನ್ ಹಾಕೋದು ಇದಕ್ಕೇ. ಕಮಿಷನ್ ಎಷ್ಟು ಪರ್ಸೆಂಟು, ಅದು ಒಟ್ಟು ಬಿಲ್ ಮೇಲಾ ಕಡಿತ ಎಲ್ಲಾ ಹೋದ್ಮೇಲಾ ಅಂತ ಬರೆಸಿ. ಕಂಪನಿ ದುಡ್ಡು ಬಂದ ಎಷ್ಟು ದಿನಕ್ಕೆ ನಿಮ್ಗೆ ಹಾಕ್ಬೇಕು, ಕಂಪನಿ ಬಿಲ್ ಕಾಪಿ ನಿಮ್ಗೆ ಕೊಡ್ತಾರಾ, ಫೈನ್ ಬಿದ್ರೆ ಯಾರ ತಪ್ಪಿಗೆ ಯಾರು ಕಟ್ಟೋದು, ಡೆಪಾಸಿಟ್ ಯಾವಾಗ ವಾಪಸ್, ಎಲ್ಲಾ ಛಾಪಾ ಕಾಗದದ ಮೇಲೇ ಬರ್ಬೇಕು. ನಿಮ್ಮ ಹತ್ರ ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲ ಅಂದ್ರೆ ಪ್ಯಾನ್ ಜೊತೆ ಡಿಕ್ಲರೇಷನ್ ಕೊಡಿ, ಟಿಡಿಎಸ್ ಹಿಡಿಯೋ ಹಾಗಿಲ್ಲ. ಇದನ್ನ ಅವ್ರಾಗಿ ಹೇಳಲ್ಲ.

ಶಾರ್ಟೇಜ್ (ಎಣ್ಣೆ ಕಮ್ಮಿ ಬರೋದು) ಯಾರ ತಲೆಗೆ ಅನ್ನೋದನ್ನಂತೂ ಬಿಡಿಸಿ ಬಿಡಿಸಿ ಬರೆಸಿ. ಪೆಟ್ರೋಲು ಬಿಸಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ, 12 ಸಾವಿರ ಲೀಟರಲ್ಲಿ ಒಂದು ಡಿಗ್ರಿ ಇಳಿದ್ರೂ ಹತ್ತು ಹದಿನೈದು ಲೀಟರ್ ಕಮ್ಮಿ ಕಾಣುತ್ತೆ. ಮಧ್ಯಾಹ್ನ ತುಂಬಿಸಿ ಬೆಳಗಿನ ಜಾವ ಡಿಪ್ ಹಾಕಿದ್ರೆ ನೀವೇ ಕದ್ದಂಗೆ ನೋಡ್ತಾರೆ. ನಂಗೆ ಮೊದಲ ವರ್ಷ ಒಂದು ಬಂಕಲ್ಲಿ ಹಿಂಗೇ ಆಯ್ತು, ಮುಂದಿನ ಛೇಂಬರ್ ಕಮ್ಮಿ ಅಂತ ಮ್ಯಾನೇಜರ್ ಇನ್ವಾಯ್ಸ್ ಮೇಲೆ ಬರೆಯೋಕೆ ಪೆನ್ನು ತೆಗೆದೇ ಬಿಟ್ರು, ನಮ್ಮ ಕ್ಲೀನರ್ ಹುಡುಗ ಕೆಳಗೆ ಬಗ್ಗಿ ನೋಡಿ ಅಣ್ಣ ಹಿಂದಿನ ಟೈರು ಹಳ್ಳದಲ್ಲಿದೆ ಅಂದ. ಗಾಡಿ ಹತ್ತಡಿ ಮುಂದೆ ತಂದು ಸಮ ಜಾಗದಲ್ಲಿ ನಿಲ್ಸಿ, ಎಣ್ಣೆ ಅಲುಗಾಡೋದು ನಿಲ್ಲೋವರೆಗೂ ಕಾದು ಮತ್ತೆ ರಾಡ್ ಇಳಿಸಿದ್ರೆ ಗುರುತಿಗೆ ಕರೆಕ್ಟಾಗಿ ಬಂತು. ಅವತ್ತಿಂದ ಸಮ ಜಾಗ ಇಲ್ದೆ ಡೋಮ್ (ಟ್ಯಾಂಕ್ ಮೇಲಿನ ಮುಚ್ಚಳ) ಓಪನ್ ಮಾಡೋಕೆ ಬಿಡಲ್ಲ. ಡೆನ್ಸಿಟಿನೂ ಅಷ್ಟೆ, 15 ಡಿಗ್ರಿಗೆ ಕನ್ವರ್ಟ್ ಮಾಡಿದ್ಮೇಲೆ ಇನ್ವಾಯ್ಸಲ್ಲಿರೋದಕ್ಕೂ ಬಂಕಲ್ಲಿ ಬಂದಿದ್ದಕ್ಕೂ ವ್ಯತ್ಯಾಸ 3 ಪಾಯಿಂಟ್ (ಕ್ಯೂಬಿಕ್ ಮೀಟರಿಗೆ 3 ಕೆಜಿ) ಒಳಗೆ ಇರ್ಬೇಕು, ನಿಮ್ಮ ಕಣ್ಣೆದುರಿಗೇ ನೋಡಿಸಿ.

ಡ್ರೈವರ್ ಇಟ್ಟು ಓಡಿಸೋರಿಗೆ ಒಂದು ಮಾತು. ಟ್ಯಾಂಕಿನ ಲಾಕ್ ಮುಟ್ಟಿದ್ರೆ, ವಿಟಿಎಸ್ ವೈರ್ ಕಿತ್ರೆ, ರೂಟ್ ಬಿಟ್ಟು ಡಾಬಾ ಹಿಂದೆ ನಿಲ್ಸಿದ್ರೆ ಕಂಟ್ರೋಲ್ ರೂಮಲ್ಲಿ ಗೊತ್ತಾಗುತ್ತೆ. ಕಳ್ಳತನ ಪ್ರೂವ್ ಆದ್ರೆ ಗಾಡಿ ನಂಬರೇ ಬ್ಲಾಕ್‌ಲಿಸ್ಟ್, ಅದೂ ಮೂರೂ ಕಂಪನೀಲಿ. ಡ್ರೈವರ್ ಬೇರೆ ಕೆಲಸ ಹುಡುಕ್ಕೊಳ್ತಾನೆ, ಟ್ಯಾಂಕರ್ ನಿಮ್ಮ ಹತ್ರಾನೇ ಉಳಿಯುತ್ತೆ, ನೀರು ಹೊಡಿಯೋಕೂ ಆಗಲ್ಲ.

ಕೊನೇಲಿ ಬಿಡೋ ವಿಷ್ಯ. ಹೊಂದಾಣಿಕೆ ಆಗ್ಲಿಲ್ಲ ಅಂದ್ರೆ ಎಷ್ಟು ದಿನದ ನೋಟಿಸ್, ಎನ್‌ಒಸಿ (ಗಾಡಿ ಬಿಟ್ಟುಕೊಡೋ ಒಪ್ಪಿಗೆ ಪತ್ರ) ಎಷ್ಟು ದಿನದಲ್ಲಿ ಕೊಡ್ತಾರೆ ಅನ್ನೋದೂ ಕರಾರಲ್ಲಿ ಇರ್ಲಿ. ಗಾಡಿ ಒಂದು ಕಂಟ್ರಾಕ್ಟಲ್ಲಿ ಇರೋವರೆಗೂ ಇನ್ನೊಬ್ರು ತಗೊಳ್ಳಲ್ಲ, ಬಾಕಿ ಲೆಕ್ಕ ಇದೆ ಅಂತ ಎನ್‌ಒಸಿ ಹಿಡ್ಕೊಂಡು ಕೂತ್ರೆ ಎರಡು ಈಎಂಐ ಅಲ್ಲೇ ಹೋಯ್ತು. ಸೈನ್ ಹಾಕಿದ ದಿನಾನೇ ನೋಟರಿ ಮಾಡ್ಸಿದ ಕಾಪಿ ಒಂದು ಇಸ್ಕೊಂಡು ಮನೆಲಿಡಿ, ನಾಳೆ ಕೊಡ್ತೀವಿ ಅಂದ್ರೆ ಗಾಡಿನೂ ನಾಳೆನೇ ತರ್ತೀನಿ ಅನ್ನಿ.