ನಾಡಿಯ ಮೇಲಿಂದ ಬೆರಳು ತೆಗೆದದ್ದು

ಕಳೆದ ಹದಿನಾಲ್ಕು ತಿಂಗಳಲ್ಲಿ ನಾನು ಒಂದೇ ಒಂದು ಇಸಿಜಿ ಮಾಡಿಸಿಲ್ಲ. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಮಾಡಿಸಿದವು ಇಪ್ಪತ್ತನ್ನು ದಾಟಿದ್ದವು. ಸರಿಯಾದ ಲೆಕ್ಕ ಈಗ ನೆನಪಿಲ್ಲ, ಏಕೆಂದರೆ ಆ ವರದಿಗಳ ಕಡತವನ್ನು ಕಟ್ಟಿ ಅಟ್ಟಕ್ಕೆ ಹಾಕಿದವನು ನಾನೇ. ದೇಹದ ಸಣ್ಣ ಬದಲಾವಣೆಯನ್ನೂ ದೊಡ್ಡ ರೋಗವೆಂದು ಹೆದರುವ ಆರೋಗ್ಯದ ಆತಂಕ ನನ್ನ ಬಾಧೆ. ಅದರಿಂದ ಹೊರಬರಲು ನಾನು ಹಿಡಿದ ದಾರಿಯನ್ನು ಕೇಳಿ ಮನೆಯವರು ಗಾಬರಿಗೊಂಡಿದ್ದರು, ಇದೇ ಬಾಧೆಯಲ್ಲಿದ್ದ ಇಬ್ಬರು ಗೆಳೆಯರು ನಕ್ಕಿದ್ದರು. ಎದೆ ಹೊಡೆದುಕೊಂಡರೆ ಸತ್ತೇ ಹೋದೆನೆಂದು ಹೆದರುವವನು ಬೇಕೆಂದೇ ಎದೆ ಹೊಡೆದುಕೊಳ್ಳುವಂತೆ ಮಾಡಿಕೊಂಡರೆ ಗುಣವಾಗುವುದಾದರೂ ಹೇಗೆ ಎಂಬುದು ಅವರ ವಾದವಾಗಿತ್ತು. ಆ ಇಬ್ಬರಲ್ಲಿ ಒಬ್ಬರು ಈಗ ನಾನು ಬರೆದಿಟ್ಟ ಅಭ್ಯಾಸಗಳ ಕೋಷ್ಟಕವನ್ನೇ ಕೇಳಿ ಪಡೆದಿದ್ದಾರೆ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಮೊದಲು ಹಣದ ಮಾತು. ನಾಲ್ಕು ವರ್ಷಗಳಲ್ಲಿ ಪರೀಕ್ಷೆಗಳಿಗೆ ಸುರಿದದ್ದು ಹತ್ತಿರಹತ್ತಿರ ಐದು ತಿಂಗಳ ಸಂಬಳ. ಅದರಲ್ಲಿ ತೀರ ವ್ಯರ್ಥವಾದದ್ದು ಇಡೀ ದೇಹದ ತಪಾಸಣೆಯ ಪ್ಯಾಕೇಜ್. ಅರವತ್ತಕ್ಕೂ ಹೆಚ್ಚು ಅಂಕಿಗಳಿದ್ದ ಆ ವರದಿಯಲ್ಲಿ ಮೂರೋ ನಾಲ್ಕೋ ದಪ್ಪಕ್ಷರದಲ್ಲಿದ್ದವು, ಮತ್ತು ಆ ಮೂರ್ನಾಲ್ಕರ ಬೆನ್ನು ಹತ್ತಿ ಮಾಡಿಸಿದ ಮರುಪರೀಕ್ಷೆಗಳಿಗೆ ಪ್ಯಾಕೇಜಿಗಿಂತ ಹೆಚ್ಚು ಖರ್ಚಾಯಿತು. ಸಾಮಾನ್ಯ ಮಿತಿ ಎಂದು ವರದಿಯಲ್ಲಿ ಅಚ್ಚಾಗಿರುವುದು ಹೆಚ್ಚಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೊಳ್ಳುವಂತೆ ಹಾಕಿದ ಗೆರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಗಟ್ಟಿಮುಟ್ಟಾದವನಿಗೂ ಒಂದಾದರೂ ಗೆರೆಯ ಆಚೆ ಬೀಳುವ ಸಂಭವ ನೂರಕ್ಕೆ 64ರಷ್ಟಿದೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡುವ ಬುದ್ಧಿ ನನಗೆ ಬಂದದ್ದು ಹಣ ಹೋದ ಮೇಲೆ. ತಲೆನೋವಿಗೆಂದು ಹಟ ಹಿಡಿದು ಮಾಡಿಸಿದ ಎಂಆರ್‌ಐನಲ್ಲಿ ಮಿದುಳು ಸರಿಯಾಗಿತ್ತು, ಆದರೆ ಸೈನಸ್ಸಿನ ಒಳಪೊರೆ ಸ್ವಲ್ಪ ದಪ್ಪಗಿದೆ ಎಂಬ ಒಂದು ಸಾಲಿತ್ತು. ಆ ಒಂದು ಸಾಲು ನನ್ನನ್ನು ಎರಡು ತಿಂಗಳು ಮೂಗಿನ ತಜ್ಞರ ಬಾಗಿಲಲ್ಲಿ ಕೂರಿಸಿತು.

ಮನೆಗೆ ತಂದ ಯಂತ್ರಗಳ ಕತೆ ಬೇರೆ. ರಕ್ತದೊತ್ತಡವನ್ನು ಒಂದೇ ಸಂಜೆ ಹನ್ನೊಂದು ಬಾರಿ ಅಳೆದದ್ದುಂಟು. ಮೊದಲು 148 ಬಂತು. ಕುಳಿತು ಸುಧಾರಿಸಿಕೊಂಡಾಗ 130ರ ಆಸುಪಾಸಿಗೆ ಇಳಿಯಿತು. ಇಷ್ಟು ಬೇಗ ಇಳಿಯಬಹುದೇ ಎಂಬ ಹೊಸ ಭಯ ಹುಟ್ಟಿದಾಗ 150ನ್ನು ದಾಟಿತು. ಕಾಲ ಮೇಲೆ ಕಾಲು ಹಾಕಿದರೂ, ಮಾತಾಡಿದರೂ, ಮೂತ್ರ ಕಟ್ಟಿಕೊಂಡು ಕುಳಿತರೂ ಅಂಕಿ ಏರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ತಿಳಿವಳಿಕೆ ಆ ಹೊತ್ತಿಗೆ ಒದಗಲಿಲ್ಲ. ರಕ್ತದಲ್ಲಿನ ಆಮ್ಲಜನಕವನ್ನು ಬೆರಳ ತುದಿಯಲ್ಲಿ ಅಳೆಯುವ ಆಕ್ಸಿಮೀಟರ್ ಇನ್ನೂ ವಿಚಿತ್ರವಾಗಿ ಕೈಕೊಟ್ಟಿತು. ಉಸಿರು ಸಾಲದೆಂದು ಏದುಸಿರು ಬಿಡುತ್ತಿರುವಾಗ ಅದು 99 ತೋರಿಸುತ್ತಿತ್ತು, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮ್ಮೆನ್ನುತ್ತಿತ್ತು, ಮತ್ತು ನಾನು ಯಂತ್ರ ಕೆಟ್ಟಿದೆ ಎಂದು ಇನ್ನೊಂದನ್ನು ಕೊಂಡೆ. ಅತಿಯಾಗಿ ಉಸಿರಾಡಿದಾಗ ಕಡಿಮೆಯಾಗುವುದು ಆಮ್ಲಜನಕವಲ್ಲ, ಇಂಗಾಲದ ಡೈಆಕ್ಸೈಡ್. ಜುಮ್ಮೆನ್ನುವುದೂ ತಲೆ ತಿರುಗುವುದೂ ಅದರಿಂದಲೇ. ಎರಡನೆಯ ಯಂತ್ರವೂ 99 ಎಂದಿತು.

ಎಲ್ಲರೂ ಹೇಳುವ ದೀರ್ಘ ಉಸಿರಾಟ ನನಗೆ ಒಗ್ಗಲಿಲ್ಲ. ಪ್ರತಿ ಉಸಿರಿನ ಕೊನೆಗೆ ಈಗ ಕಡಿಮೆಯಾಯಿತೇ ಎಂದು ಎದೆಯೊಳಗೆ ಇಣುಕುತ್ತಿದ್ದುದರಿಂದ ಅದೂ ಒಂದು ಬಗೆಯ ತಪಾಸಣೆಯಾಯಿತು. ದೇಹದ ಒಂದೊಂದೇ ಭಾಗದ ಮೇಲೆ ಗಮನವಿಡುವ ಧ್ಯಾನವಂತೂ ಬೆಂಕಿಗೆ ತುಪ್ಪ ಸುರಿದಂತಾಯಿತು. ಅದುವರೆಗೆ ನೋವಿದೆಯೆಂದೇ ತಿಳಿಯದಿದ್ದ ಜಾಗಗಳೆಲ್ಲ ಬಾಯಿಬಿಟ್ಟವು. ಒಳಗಿನ ಸದ್ದನ್ನು ಆಲಿಸುವುದೇ ರೋಗವಾದವನಿಗೆ ಇನ್ನಷ್ಟು ಆಲಿಸು ಎನ್ನುವುದು ಮದ್ದಲ್ಲ ಎಂದು ನನ್ನ ಅಭಿಪ್ರಾಯ. ಬೇರೆಯವರಿಗೆ ಅದು ಫಲಿಸಿರಬಹುದು.

ತಿರುವು ಬಂದದ್ದು ಹೋಲ್ಟರ್ ವರದಿಯಿಂದ, ಅಂದರೆ ಮೈಗೆ ಕಟ್ಟಿಕೊಂಡ ಯಂತ್ರ ಇಡೀ ದಿನ ದಾಖಲಿಸಿದ ಹೃದಯಬಡಿತದ ವರದಿಯಿಂದ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಹೃದಯದಲ್ಲಿ ಇನ್ನೂರೋ ಮುನ್ನೂರೋ ಎಕ್ಟೋಪಿಕ್, ಅಂದರೆ ಲಯ ತಪ್ಪಿ ಬರುವ, ಬಡಿತಗಳಿದ್ದವು. ಹೃದಯದ ಸ್ಕ್ಯಾನ್ ಆದ ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಎರಡೂ ಸರಿಯಾಗಿದ್ದುದರಿಂದ ಅವುಗಳಿಗೆ ಚಿಕಿತ್ಸೆ ಬೇಕಿಲ್ಲ ಎಂದು ವೈದ್ಯರು ಹೇಳಿ ಕಳುಹಿಸಿದರು. ಅಂದು ರಾತ್ರಿ, ಯಾಕೋ ಏನೋ, ಪರೀಕ್ಷೆಯ ಫಲಿತಾಂಶದ ಬದಲು ಅದು ಕೊಟ್ಟ ನೆಮ್ಮದಿ ಎಷ್ಟು ಹೊತ್ತು ಬಾಳುತ್ತದೆ ಎಂದು ಬರೆದಿಡಬೇಕೆನ್ನಿಸಿತು. ಹೋಲ್ಟರ್ ಕೊಟ್ಟದ್ದು ಎರಡೂವರೆ ದಿನ. ನೆನಪಿನಿಂದ ಹಿಂದಿನವುಗಳನ್ನೂ ತುಂಬಿಸಿದೆ: ಮೊದಲ ಇಸಿಜಿಗೆ ಒಂದೂವರೆ ತಿಂಗಳು, ಆರನೆಯದಕ್ಕೆ ಒಂದು ವಾರ, ಕೊನೆಯದಕ್ಕೆ ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೆ. ಭರವಸೆ ಕೇಳುವುದೇ ಭಯವನ್ನು ಸಾಕುತ್ತದೆ ಎಂದು ಈ ಆತಂಕವನ್ನು ಅಧ್ಯಯನ ಮಾಡಿದ ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ 1986ರಲ್ಲೇ ಬರೆದಿದ್ದರೆಂದು ನನ್ನ ಮನೋಚಿಕಿತ್ಸಕಿ ಆಮೇಲೆ ಹೇಳಿದರು. ನನ್ನನ್ನು ಒಪ್ಪಿಸಿದ್ದು ಆ ಹೆಸರುಗಳಲ್ಲ, ನನ್ನದೇ ಕೈಬರಹದ ಆ ಇಳಿಯುವ ಸಾಲು.

ನಾನು ಹಿಡಿದ ದಾರಿಯಲ್ಲಿ ಮೊದಲ ಕೆಲಸ ತಪಾಸಣೆ ಬಿಡುವುದು. ಒಬ್ಬರೇ ವೈದ್ಯರು, ಮೂರು ತಿಂಗಳಿಗೊಮ್ಮೆ ನಿಗದಿತ ಭೇಟಿ, ಮತ್ತು ಕಾಯದೆ ಓಡಬೇಕಾದ ಲಕ್ಷಣಗಳನ್ನು ಅವರ ಕೈಯಿಂದಲೇ ಬರೆಸಿಕೊಂಡ ಒಂದು ಚೀಟಿ: ಎದೆಯನ್ನು ಹಿಂಡುವ ನೋವು, ಪ್ರಜ್ಞೆ ತಪ್ಪುವುದು, ದೇಹದ ಒಂದು ಪಕ್ಕ ಶಕ್ತಿಗುಂದುವುದು, ಮಾತು ತೊದಲುವುದು, ರಕ್ತ ಹೋಗುವುದು. ಚೀಟಿಯಲ್ಲಿಲ್ಲದ್ದು ಎರಡು ವಾರ ಕಾಯಬೇಕು. ನಾಡಿ ಹಿಡಿಯುವುದನ್ನು ಬಿಟ್ಟೆನೆಂದು ಹಿಗ್ಗಿದ್ದ ಮೂರನೆಯ ವಾರ, ಕೈಗಡಿಯಾರದ ಪಟ್ಟಿಯನ್ನು ಒಂದು ತೂತು ಬಿಗಿಯಾಗಿ ಕಟ್ಟಿಕೊಳ್ಳುತ್ತಿರುವುದನ್ನು ಹೆಂಡತಿ ಕಂಡುಹಿಡಿದಳು. ಹಾಗೆ ಕಟ್ಟಿದರೆ ಬೆರಳಿಡದೆಯೇ ನಾಡಿ ತಿಳಿಯುತ್ತದೆ. ದಿಂಬಿಗೆ ಕಿವಿಯೊತ್ತಿ ಬಡಿತ ಕೇಳುವುದು, ನನ್ನ ಮುಖ ಬಿಳಿಚಿದೆಯೇ ಎಂದು ಹವಾಮಾನ ವಿಚಾರಿಸುವವನಂತೆ ಕೇಳುವುದು, ಇಂಥ ಕಳ್ಳದಾರಿಗಳು ಏಳೆಂಟಾದರೂ ಸಿಕ್ಕವು. ಕೊನೆಗೆ ಅವಳು ಏನು ಕೇಳಿದರೂ ಒಂದೇ ಉತ್ತರ ಕೊಡುವುದೆಂದು ಒಪ್ಪಂದವಾಯಿತು: "ಇದಕ್ಕೆ ನಾನು ಉತ್ತರ ಹೇಳುವುದಿಲ್ಲವೆಂದು ನೀವೇ ಹೇಳಿದ್ದೀರಿ." ಮೊದಲ ವಾರ ಆ ಮಾತಿಗೆ ನಾನು ಜಗಳವಾಡಿದೆ.

ಎರಡನೆಯದು ಲಕ್ಷಣಗಳನ್ನು ಬೇಕೆಂದೇ ಬರಿಸಿಕೊಳ್ಳುವುದು. ಮೂಗು ಮುಚ್ಚಿ ತೆಳ್ಳನೆಯ ಕೊಳವೆಯಿಂದ ಒಂದು ನಿಮಿಷ ಉಸಿರಾಡುವುದು, ಒಂದು ನಿಮಿಷ ಬೇಗಬೇಗ ಉಸಿರಾಡುವುದು, ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಮೆಟ್ಟಿಲು ಓಡಿ ಹತ್ತಿ ತಟಕ್ಕನೆ ನಿಲ್ಲುವುದು. ನನ್ನ ಟ್ರೆಡ್‌ಮಿಲ್ ಸರಿಯಾಗಿದ್ದುದರಿಂದ, ವೈದ್ಯರ ಒಪ್ಪಿಗೆಯಿಂದ ಮಾಡಿದೆ. ಆಸ್ತಮಾ, ಹೃದ್ರೋಗ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಕೇಳದೆ ಮಾಡಬಾರದು. ಆರಂಭಿಸುವ ಮುನ್ನ ಏನಾಗುತ್ತದೆಂಬ ಭಯವನ್ನೂ ಅದನ್ನು ಎಷ್ಟು ನಂಬುತ್ತೇನೆಂಬುದನ್ನೂ ಬರೆಯಬೇಕು. ಮೊದಲ ದಿನ ಕುಸಿದು ಬೀಳುತ್ತೇನೆ, ನೂರಕ್ಕೆ 80 ಎಂದು ಬರೆದೆ. ಮೂರು ವಾರ ದಿನಾ ಮಾಡಿದರೂ ಆ 80 ಕದಲಲಿಲ್ಲ. ಆಗ ಬಿಡುವ ಹಂತಕ್ಕೆ ಬಂದಿದ್ದೆ. ತಪ್ಪು ಕಂಡದ್ದು ಆಕಸ್ಮಿಕವಾಗಿ: ಅಷ್ಟೂ ದಿನ ಕೋಣೆಯ ಚಿಲಕ ತೆಗೆದಿತ್ತು, ಫೋನ್ ತೊಡೆಯ ಮೇಲಿತ್ತು, ಹೆಂಡತಿ ಪಕ್ಕದ ಕೋಣೆಯಲ್ಲಿದ್ದಳು. ಬದುಕಿದ್ದಕ್ಕೆ ಕಾರಣ ಫೋನ್ ಎಂದೇ ಮನಸ್ಸು ಲೆಕ್ಕ ಹಾಕುತ್ತಿತ್ತು. ಅವಳು ಹೊರಗೆ ಹೋದ ಸಂಜೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಮಾಡಿದೆ. ಕೈಗಳು ಜೋಮು ಹಿಡಿದವು, ಗೋಡೆ ದೂರ ಸರಿದಂತಾಯಿತು, ಕಣ್ಣಂಚಿನಲ್ಲಿ ನೀರು ಬಂತು. ನಾಲ್ಕೈದು ನಿಮಿಷದಲ್ಲಿ ಎಲ್ಲವೂ ತಾನಾಗಿಯೇ ಇಳಿಯಿತು. ಆ ವಾರದ ಕೊನೆಗೆ 80 ಇದ್ದದ್ದು 35ಕ್ಕೆ ಬಂತು, ಎರಡು ತಿಂಗಳಿಗೆ ಒಂದಂಕಿಗೆ.

ನಡುವೆ ಕುತ್ತಿಗೆಯ ಗಂಟುಗಳ ಮೇಲೊಂದು ಪ್ರಯೋಗ ಮಾಡಿದೆ. ದವಡೆಯ ಕೆಳಗಿನ ದುಗ್ಧಗ್ರಂಥಿಗಳನ್ನು ಒತ್ತಿ ನೋಡುವ ಚಟವಿದ್ದವರಿಗೆ ಇದು ಉಪಯೋಗವಾದೀತು. ವೈದ್ಯರು ಎರಡೂ ಕಡೆ ಏನೂ ಇಲ್ಲವೆಂದ ಮೇಲೆ, ಒಂದು ವಾರ ಎಡಗಡೆಯನ್ನು ಮಾತ್ರ ಎಂದಿನಂತೆ ಒತ್ತುತ್ತಾ ಬಲಗಡೆಯನ್ನು ಮುಟ್ಟದೆ ಬಿಟ್ಟೆ. ಐದನೆಯ ದಿನಕ್ಕೆ ಎಡಗಡೆ ನುಂಗಿದರೂ ನೋಯುತ್ತಿತ್ತು, ಬಲಗಡೆ ಕುತ್ತಿಗೆ ಇದೆಯೆಂಬುದೇ ಮರೆತಿತ್ತು. ಎಡಮಗ್ಗುಲಾಗಿ ಮಲಗಿದಾಗ ಬಡಿತ ಜೋರೆನಿಸುವುದನ್ನೂ ಹೀಗೆಯೇ ಹತ್ತು ರಾತ್ರಿ ಪರೀಕ್ಷಿಸಿದೆ. ಹೃದಯ ಎದೆಗೂಡಿಗೆ ಹತ್ತಿರವಾಗುವುದರಿಂದ ಹಾಗೆನಿಸುತ್ತದೆ ಎಂಬುದಕ್ಕಿಂತ ಹೆಚ್ಚಿನದೇನೂ ಅಲ್ಲಿ ದಕ್ಕಲಿಲ್ಲ.

ಮಾತ್ರೆಯ ವಿಷಯವನ್ನು ಮುಚ್ಚಿಡುವುದಿಲ್ಲ. ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಬಗೆಯ ಮಾತ್ರೆಯೊಂದನ್ನು ಕಡಿಮೆ ಪ್ರಮಾಣದಲ್ಲಿ ಸುಮಾರು ಒಂದು ವರ್ಷ ತೆಗೆದುಕೊಂಡೆ. ಮೊದಲ ದಿನಗಳಲ್ಲಿ ತಳಮಳ ಹೆಚ್ಚಿದ್ದರಿಂದ ಒಂಬತ್ತನೆಯ ದಿನ ಹೇಳದೆ ಕೇಳದೆ ನಿಲ್ಲಿಸಿ, ಒಂದು ತಿಂಗಳು ಕಳೆದು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಚಿಕಿತ್ಸಕಿಯ ಬಳಿ ಹತ್ತು ಭೇಟಿಗಳಾದವು. ಎಲ್ಲ ಸೇರಿ ಅರ್ಧ ತಿಂಗಳ ಸಂಬಳ ಮೀರಲಿಲ್ಲ. ಐದು ತಿಂಗಳ ಸಂಬಳ ಕೊಟ್ಟು ಕೊಂಡ ವರದಿಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ರಾತ್ರಿ ಎಚ್ಚರವಾದಾಗ ನಾನು ಹೇಳಿಕೊಳ್ಳುವ ಒಂದು ಮಾತಿದೆ. ಗೆಳೆಯರು ಎಷ್ಟು ಕೇಳಿದರೂ ಅದನ್ನು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಇನ್ನೊಬ್ಬರ ಬಾಯಿಗೆ ಹೋದರೆ ಅದು ಮಂತ್ರವಾಗಿ, ಮಂತ್ರ ಮತ್ತೊಂದು ಭರವಸೆಯಾಗಿ ಕೂರುತ್ತದೆ. ಅದು ಸಮಾಧಾನದ ಮಾತಲ್ಲ ಎಂಬಷ್ಟು ಸುಳಿವು ಸಾಕು.

ಎಕ್ಟೋಪಿಕ್ ಬಡಿತಗಳು ಈಗಲೂ ಬರುತ್ತವೆ, ಓದುತ್ತಾ ಕುಳಿತಾಗ ಹೆಚ್ಚು. ಕಳೆದ ನಿಗದಿತ ಭೇಟಿಯಲ್ಲಿ ವೈದ್ಯರು ರಕ್ತದೊತ್ತಡ ಅಳೆದು, ಪಟ್ಟಿ ಬಿಚ್ಚುತ್ತಾ, ಅಂಕಿ ಹೇಳಬೇಕೋ ಬೇಡವೋ ಎಂದು ಕೇಳಿದರು. ಬೇಡವೆನ್ನುವ ಶೌರ್ಯ ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಿ ಎಂದೆ. 126 ಎಂದರು, ಮತ್ತು ಕೆಳಗಿನ ಅಂಕಿ ಎಷ್ಟೆಂದು ಕೇಳಲು ನಾನು ಮರೆತದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ ನೆನಪಾಯಿತು.